ಹೆಸರಿಗೊಂದು ಖಾಲಿ ಜಾಗ: ತಾಮ್ರದ ತಗಡಿನ ಮೇಲೆ ಒಂದು ರೊಕೊಕೊ ಪ್ರಮಾಣಪತ್ರ

ನಾಲ್ಕು ತಿಂಗಳಿಂದ ಒಂದೇ ತಾಮ್ರದ ತಗಡು ಹಿಡಿದು ಕೂತಿದ್ದೆ. ಹೋದ ಭಾನುವಾರ ಕೆಲಸ ಮುಗಿಯಿತು. ಎಲ್ಲಿ ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ ಅನ್ನುವುದನ್ನೆಲ್ಲ ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಎಚ್ಚಿಂಗ್, ಅಂದರೆ ತಗಡಿಗೆ ಮೇಣ ಹಚ್ಚಿ, ಸೂಜಿಯಿಂದ ಗೀಚಿ, ಗೀಚಿದ ಗೆರೆಗಳನ್ನು ಆಸಿಡ್‌ನಿಂದ ಕೊರೆಸಿ ಅಚ್ಚು ತೆಗೆಯುವ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬಂದೀತು.

ಮಾಡಿದ್ದು ಒಂದು ಪ್ರಮಾಣಪತ್ರ. 1750ರ ಆಸುಪಾಸಿನ ಪ್ಯಾರಿಸ್‌ನಲ್ಲಿ ಫ್ರೀಮೇಸನ್ನರ (ಗಾರೆ ಕೆಲಸದವರ ಸಾಮಾನನ್ನೇ ಚಿಹ್ನೆ ಮಾಡಿಕೊಂಡ ಸಹೋದರ ಕೂಟದವರ) ಸಂಘವೊಂದು ಹೊಸ ಸದಸ್ಯನಿಗೆ ಕೊಡಬಹುದಾಗಿದ್ದಂಥ ಪತ್ರ. ಯಾವುದೋ ಒಂದು ಹಳೇ ಹಾಳೆಯ ನಕಲಲ್ಲ. ರೊಕೊಕೊ ಅನ್ನುವ ಆ ಕಾಲದ ಬಾಗು ಬಳುಕಿನ ಶೈಲಿಯ ಕಲಾವಿದರ ರೇಖೆ, ಆ ಸಂಘದ ಚಿಹ್ನೆಗಳು, ಆ ಕಾಲದ ಅಚ್ಚಿನ ವಿಧಾನ, ಇಷ್ಟನ್ನು ಇಟ್ಟುಕೊಂಡು ನಾನೇ ಬರೆದದ್ದು.

ಈ ಪತ್ರ ಯಾಕೆ ಬೇಕಾಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಫ್ರೀಮೇಸನ್ನರು ತಮ್ಮ ಊರಿನ ಕೂಟಕ್ಕೆ ಲಾಡ್ಜ್ ಅನ್ನುತ್ತಾರೆ. ಅಂಥ ಲಾಡ್ಜ್‌ಗಳನ್ನು ಒಟ್ಟುಗೂಡಿಸುವ ಮೊದಲ ಗ್ರ್ಯಾಂಡ್ ಲಾಡ್ಜ್ ಶುರುವಾದದ್ದು ಲಂಡನ್ನಿನಲ್ಲಿ, 1717ರಲ್ಲಿ. ಅವರ ನಿಯಮಗಳ ಪುಸ್ತಕ ಅಚ್ಚಾದದ್ದು 1723ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಪ್ಯಾರಿಸ್‌ನಲ್ಲೂ ಲಾಡ್ಜ್‌ಗಳು ಬಂದವು. 1738ರಲ್ಲಿ ಪೋಪ್ ಈ ಸಂಘವನ್ನು ಖಂಡಿಸಿ ಆಜ್ಞೆ ಹೊರಡಿಸಿದರು. ಆದರೂ ಅದು ಬೆಳೆಯಿತು. 1743ರಿಂದ 1771ರವರೆಗೆ ಫ್ರಾನ್ಸಿನಲ್ಲಿ ಅದರ ಮುಖ್ಯಸ್ಥರಾಗಿದ್ದವರು ರಾಜವಂಶದವರೇ ಆದ ಕ್ಲೆರ್ಮಾಂಟ್ ಕೌಂಟ್. ಸದಸ್ಯ ಬೇರೆ ಊರಿಗೆ ಹೋದಾಗ ಅಲ್ಲಿನವರಿಗೆ ಇವನ ಪರಿಚಯ ಇರುವುದಿಲ್ಲ. ಆಗ ಈ ಪತ್ರ ತೋರಿಸಬೇಕು. ಪತ್ರದ ಅಂಚಿನಲ್ಲಿ 'ನೆ ವರಿಯೇಟುರ್' ಎಂಬ ಲ್ಯಾಟಿನ್ ಮಾತು, ಅದರ ಹತ್ತಿರ ಅವನ ಸಹಿ. 'ಇದು ಬದಲಾಗದಿರಲಿ' ಅಂತ ಅರ್ಥ. ಹೊಸ ಊರಿನಲ್ಲಿ ಇನ್ನೊಮ್ಮೆ ಸಹಿ ಹಾಕಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಪತ್ರ ಕದ್ದವನು ಸಹಿಯಲ್ಲಿ ಸಿಕ್ಕಿಬೀಳುತ್ತಿದ್ದ.

ಅಂದರೆ ಚೌಕಟ್ಟು ಎಷ್ಟೇ ಚೆಂದ ಇರಲಿ, ಪತ್ರದ ಜೀವ ಇರುವುದು ಕೈಯಲ್ಲಿ ಬರೆಯುವ ಹೆಸರಿನಲ್ಲಿ. ಇದು ಶುರುವಿನಲ್ಲೇ ನನಗೆ ಗೊತ್ತಿತ್ತು. ಆದರೂ ನಾಲ್ಕು ತಿಂಗಳು ಕಳೆದ ಮೇಲೆ ಕೊನೇ ಗಳಿಗೆಯಲ್ಲಿ ಎಡವಿದ್ದು ಅಲ್ಲೇ.

ರೇಖೆಯ ಕೆಲಸ

ಮೊದಲ ತಿಂಗಳು ಪೂರ್ತಿ ಪೆನ್ಸಿಲ್ಲಿನಲ್ಲೇ ಹೋಯಿತು. ಎದುರಿಗೆ ಇಟ್ಟುಕೊಂಡಿದ್ದ ಮುಖ್ಯ ಚಿತ್ರ ಫ್ರೆಂಚ್ ಚಿತ್ರಕಾರ ಫ್ರಾನ್ಸ್ವಾ ಬೂಷೆ 1740ರಲ್ಲಿ ಗೆರ್ಸೈಂಟ್ ಎಂಬ ಪ್ಯಾರಿಸ್ ವ್ಯಾಪಾರಿಗೆ ಬರೆದುಕೊಟ್ಟ ಅಂಗಡಿ ಕಾರ್ಡಿನದ್ದು. ಅದನ್ನು ತಗಡಿಗೆ ಇಳಿಸಿದವರು ಕೌಂಟ್ ಕೇಲ್ಯೂ. ಒಂದು ಅರಗಿನ ಬೀರು, ಅದರ ಮೇಲೆ ಚೀನಾದ ಗೊಂಬೆ, ಕೆಳಗೆ ಚಿಪ್ಪು, ಹವಳ. ಎಲ್ಲ ಒಂದರ ಮೇಲೊಂದು ರಾಶಿ ಬಿದ್ದ ಹಾಗೆ ಕಾಣುತ್ತದೆ. ಆದರೆ ಒಂದನ್ನು ತೆಗೆದರೂ ಚಿತ್ರ ವಾಲುತ್ತದೆ. ಬೂಷೆ ಇಪ್ಪತ್ತು ದಾಟಿದ ಹೊಸತರಲ್ಲಿ ಹಿರಿಯ ಚಿತ್ರಕಾರ ವಾಟೋ ಅವರ ಚಿತ್ರಗಳನ್ನು ನೋಡಿಕೊಂಡು ನೂರಕ್ಕೂ ಹೆಚ್ಚು ತಗಡು ಎಚ್ಚಿಂಗ್ ಮಾಡಿದವರು. ಆ ಕೈಯ ಸಲೀಸು ಅಲ್ಲಿಂದ ಬಂದದ್ದು ಅಂತ ನನಗನಿಸುತ್ತದೆ.

ಈ ಶೈಲಿಯ ಜೀವಾಳ ಕಾರ್ಟೂಷ್, ಅಂದರೆ ಬರಹಕ್ಕೆ ಜಾಗ ಬಿಟ್ಟು ಸುತ್ತ ಕಟ್ಟುವ ಚೌಕಟ್ಟು. ಅದಕ್ಕೆ ಬೇಕಾದ ರೇಖೆಗಳು ಎರಡೇ. ಒಂದು ರೋಮನ್ 'ಸಿ' ಅಕ್ಷರದ ಹಾಗೆ ಬಾಗಿದ್ದು, ಇನ್ನೊಂದು 'ಎಸ್' ಹಾಗೆ ಬಳುಕಿದ್ದು. ಒಂದು ಸುರುಳಿ ಮುಗಿಯುವ ಮೊದಲೇ ಅದರ ಬೆನ್ನಿನಿಂದ ಇನ್ನೊಂದು ಏಳಬೇಕು. ಎರಡೂ ಸೇರುವ ಕಡೆ ಚಿಪ್ಪಿನ ಅಂಚು. ಈ ಚಿಪ್ಪು–ಕಲ್ಲಿನ ಅಲಂಕಾರಕ್ಕೆ ಫ್ರೆಂಚರು ರೊಕಾಯ್ ಅನ್ನುತ್ತಾರೆ. ರೊಕೊಕೊ ಅನ್ನುವ ಹೆಸರು ಬಂದದ್ದು ಅದರಿಂದಲೇ.

ಎಡ ಬಲ ಒಂದೇ ಥರ ಇರಬಾರದು, ಅದೇ ಇದರ ಕಷ್ಟ. ನನ್ನ ಕೈ ಬೆಳೆದದ್ದು ರಂಗೋಲಿ, ಪ್ರಭಾವಳಿ ನೋಡಿಕೊಂಡು. ನಡುವೆ ಒಂದು ಗೆರೆ, ಅದರ ಎಡಕ್ಕೆ ಇದ್ದದ್ದೇ ಬಲಕ್ಕೂ. ಮೊದಲ ಹತ್ತು ಹನ್ನೆರಡು ಚಿತ್ರಗಳೂ ದೇವರ ಹಿಂದಿನ ಪ್ರಭಾವಳಿ ಹಾಗೇ ಬಂದವು. ಕೊನೆಗೆ ಒಂದು ಉಪಾಯ ಮಾಡಿಕೊಂಡೆ. ಚಿತ್ರ ಮುಗಿದ ಮೇಲೆ ಹಾಳೆಯನ್ನು ಉದ್ದಕ್ಕೆ ಮಡಚಿ ಬೆಳಕಿಗೆ ಹಿಡಿಯುವುದು. ಎರಡೂ ಬದಿ ಒಂದರ ಮೇಲೊಂದು ಕೂತರೆ ಆ ಚಿತ್ರ ಬೇಡ. ಎಡಗಡೆ ದೊಡ್ಡ ಸುರುಳಿ ಮೇಲಕ್ಕೆ ಹತ್ತಿದರೆ, ಬಲಗಡೆ ಸಣ್ಣವು ಮೂರು ಸೇರಿ ಕೆಳಕ್ಕೆ ಇಳಿಯಬೇಕು. ತಕ್ಕಡಿಯಲ್ಲಿ ಒಂದು ಕಡೆ ಒಂದು ಕುಂಬಳಕಾಯಿ, ಇನ್ನೊಂದು ಕಡೆ ನಾಲ್ಕು ಬದನೆಕಾಯಿ ಇಟ್ಟು ಮುಳ್ಳು ನಡುವೆ ನಿಲ್ಲಿಸಿದ ಹಾಗೆ. ಹೀಗೆ ಅಂದುಕೊಂಡ ಮೇಲೆ ಕೈ ಸ್ವಲ್ಪ ಬಿಟ್ಟುಕೊಟ್ಟಿತು.

ಚೌಕಟ್ಟಿನ ಒಳಗೆ ಸಂಘದ ಚಿಹ್ನೆಗಳು ಬರಬೇಕು. ಬೈಬಲ್ಲಿನ ಸೊಲೊಮನ್ ರಾಜನ ದೇವಾಲಯದ ಬಾಗಿಲಲ್ಲಿದ್ದವು ಎನ್ನುವ ಎರಡು ಕಂಬ, ಅವುಗಳ ಮೇಲೆ ಅವುಗಳ ಹೆಸರಿನ ಮೊದಲಕ್ಷರ 'ಜೆ' ಮತ್ತು 'ಬಿ'. ಮೇಲೆ ಸೂರ್ಯ, ಚಂದ್ರ. ಕೆಳಗೆ ಕಪ್ಪು ಬಿಳುಪು ಚೌಕಗಳ ನೆಲ. ಅಕೇಶಿಯಾ ಗಿಡದ ಒಂದು ರೆಂಬೆ. ಆಮೇಲೆ ಗಾರೆ ಕೆಲಸದ ಸಾಮಾನು: ಮೂಲೆಮಟ್ಟ, ಕೈವಾರ, ಕರಣೆ, ತೂಗುಗುಂಡು.

ಅದೇ ವಾರ ನಮ್ಮ ಹಿತ್ತಲ ಗೋಡೆ ಸರಿಮಾಡಲು ಮೇಸ್ತ್ರಿ ಬಂದಿದ್ದರು. ಕಾಫಿ ಕುಡಿಯುತ್ತಾ ಮೇಜಿನ ಮೇಲಿದ್ದ ಚಿತ್ರ ನೋಡಿದರು.

"ಸಾರ್, ಇದು ನಮ್ ಸಾಮಾನಲ್ವಾ?"

"ಹೌದು ಮೇಸ್ತ್ರಿ. ಇನ್ನೂರೈವತ್ತು ವರ್ಷಕ್ಕೂ ಹಿಂದಿನದು, ಫ್ರಾನ್ಸ್ ದೇಶದ್ದು."

"ಕರಣೆ ಸರಿಯಾಗಿದೆ. ಮೂಲೆಮಟ್ಟಾನೂ ಸರಿ." ಆಮೇಲೆ ಬೆರಳಿಟ್ಟು ತೋರಿಸಿದರು. "ಈ ಗುಂಡಿನ ದಾರ ಯಾಕೆ ಸಾರ್ ಸೊಟ್ಟಗಿದೆ? ದಾರ ಬಳುಕಿದ್ರೆ ಗೋಡೆ ಬೀಳತ್ತೆ."

ನಾನು ಸುತ್ತಲಿನ ಸುರುಳಿಗಳ ಜೊತೆ ಹೊಂದಲಿ ಅಂತ ದಾರವನ್ನೂ ಸ್ವಲ್ಪ ಬಳುಕಿಸಿದ್ದೆ. ಅವರು ಹೇಳಿದ ಮೇಲೆ ಇಡೀ ಚಿತ್ರ ಬೇರೆ ಥರ ಕಂಡಿತು. ಈ ಸಂಘದ ಚಿಹ್ನೆಗಳ ಅರ್ಥ ಇರುವುದೇ ನೇರ ಇರುವುದರಲ್ಲಿ. ಮೂಲೆಮಟ್ಟ ಅಂದರೆ ನಡತೆ ಸರಿ ಇರಬೇಕು ಅಂತ. ತೂಗುಗುಂಡು ಅಂದರೆ ನೆಟ್ಟಗೆ ನಿಲ್ಲಬೇಕು ಅಂತ. ಸುತ್ತಲಿನ ಚೌಕಟ್ಟಿನಲ್ಲಿ ಮಾತ್ರ ಒಂದು ಗೆರೆಯೂ ನೇರ ಇಲ್ಲ. ನೇರವಾದದ್ದು ನೇರವಾಗೇ ಇರಲಿ, ಬಾಗುವುದು ಚೌಕಟ್ಟಿನ ಕೆಲಸ ಅಂತ ತೀರ್ಮಾನಿಸಿದೆ. ಅವತ್ತು ರಾತ್ರಿ ಸಾಮಾನುಗಳನ್ನೆಲ್ಲ ಅಳಿಸಿ, ಸ್ಕೇಲ್ ಇಟ್ಟು ಮತ್ತೆ ಬರೆದೆ. ಸುರುಳಿಗಳು ಆಗಲೇ ಜೀವ ಬಂದ ಹಾಗೆ ಕಂಡವು. ಪಕ್ಕದಲ್ಲಿ ನೆಟ್ಟಗೆ ನಿಂತದ್ದು ಒಂದಿದ್ದರೆ ತಾನೇ ಬಳುಕು ಕಾಣುವುದು?

ಇನ್ನೊಂದು ತಪ್ಪು ತೋರಿಸಿದವರು 18ನೇ ಶತಮಾನದ ಫ್ರೆಂಚ್ ಕೆತ್ತನೆಗಾರ ಷಾರ್ಲ್ ನಿಕೊಲಾ ಕೊಷಾನ್. ಎಚ್ಚಿಂಗಿಗೆ ನಾನು ಹಿಡಿದುಕೊಂಡದ್ದು ಫ್ರೆಂಚ್ ಕೆತ್ತನೆಗಾರ ಅಬ್ರಹಾಂ ಬಾಸ್ 1645ರಲ್ಲಿ ಬರೆದ ಕೈಪಿಡಿಯ ವಿಧಾನ. ಅದನ್ನು 1745ರಲ್ಲಿ ತಿದ್ದಿ ಬೆಳೆಸಿದವರು ಈ ಕೊಷಾನ್. ಅವರೇ 1754ರಲ್ಲಿ 'ಮೆರ್ಕ್ಯೂರ್ ದ ಫ್ರಾನ್ಸ್' ಪತ್ರಿಕೆಯಲ್ಲಿ ಬೆಳ್ಳಿ ಬಂಗಾರದ ಕೆಲಸದವರಿಗೆ ಒಂದು ಮನವಿ ಬರೆದರು. ಪಾತ್ರೆಯ ಮುಚ್ಚಳದ ಮೇಲೆ ತರಕಾರಿಯನ್ನು ನಿಜವಾದ ಅಳತೆಯಲ್ಲಿ ಮಾಡಿ, ಪಕ್ಕದಲ್ಲೇ ಬೆರಳಷ್ಟು ಮೊಲ ಕೂರಿಸಬೇಡಿ ಅಂತ ಅದರಲ್ಲಿ ಕೇಳಿಕೊಂಡಿದ್ದರು. ಅದನ್ನು ಓದಿ ನನ್ನ ಚಿತ್ರ ನೋಡಿದೆ. ಅಕೇಶಿಯಾ ರೆಂಬೆ ಕಂಬಕ್ಕಿಂತ ಉದ್ದ ಇತ್ತು! ರೆಂಬೆಯನ್ನು ಅರ್ಧಕ್ಕೆ ಇಳಿಸಿದೆ.

ತಗಡು, ಮೇಣ, ಮಸಿ

ತಾಮ್ರದ ತಗಡು ತಂದದ್ದು ಚಿಕ್ಕಪೇಟೆಯಿಂದ. 16 ಗೇಜ್, 20 ಸೆಂಟಿಮೀಟರ್ ಅಗಲ, 28 ಉದ್ದ. ಅಂಗಡಿಯವರು ತಗಡು ಕತ್ತರಿಸಿ ಕೊಡುತ್ತಾ "ಹೆಸರು ಹಾಕ್ಸೋದಿದ್ಯಾ ಸಾರ್?" ಅಂತ ಕೇಳಿದರು. ಪಾತ್ರೆ ಕೊಂಡವರಿಗೆಲ್ಲ ಕೇಳುವ ಮಾತು ಅದು. ಬೇಡ, ಹೆಸರಿಗೆ ಜಾಗ ಮಾತ್ರ ಬಿಡಬೇಕು ಅಂದೆ.

ಅಂಚುಗಳನ್ನು ಅರದಿಂದ ಇಳಿಜಾರಾಗಿ ಉಜ್ಜಿದೆ. ಇದನ್ನು ಬಿಟ್ಟರೆ ಪ್ರೆಸ್ಸಿನಲ್ಲಿ ಕಾಗದವೂ ಹರಿಯುತ್ತದೆ, ಮೇಲಿನ ಕಂಬಳಿಯೂ ಹರಿಯುತ್ತದೆ. ಆಮೇಲೆ 400, 800, 1200ರ ನೀರು ಕಾಗದದಿಂದ ತಿಕ್ಕಿ, ಸೀಮೆಸುಣ್ಣದ ಪುಡಿ ಹಾಕಿ ಜಿಡ್ಡು ತೆಗೆದೆ. ನೀರು ಸುರಿದರೆ ಹನಿ ಹನಿಯಾಗಿ ನಿಲ್ಲದೆ ಹಾಳೆಯ ಹಾಗೆ ಹರಡಿಕೊಳ್ಳಬೇಕು. ಅಲ್ಲಿಯವರೆಗೂ ತಿಕ್ಕಬೇಕು.

ಮೇಲೆ ಹಚ್ಚುವ ಗ್ರೌಂಡ್, ಅಂದರೆ ಆಸಿಡ್ ತಡೆಯುವ ಮೇಣದ ಪದರ, ನಾನೇ ಮಾಡಿಕೊಂಡೆ. ಜೇನುಮೇಣ ಎರಡು ಭಾಗ, ಡಾಂಬರಿನ ಜಾತಿಯ ಆಸ್ಫಾಲ್ಟಮ್ ಪುಡಿ ಎರಡು ಭಾಗ, ರಾಳ ಒಂದು ಭಾಗ. ಮೇಣ ಮತ್ತು ರಾಳ ಗ್ರಂಥಿಗೆ ಅಂಗಡಿಯಲ್ಲೇ ಸಿಕ್ಕಿದವು. ಬಿಸಿ ತಗಡಿನ ಮೇಲೆ ಉಂಡೆ ಉಜ್ಜಿ, ರೋಲರ್‌ನಿಂದ ತೆಳ್ಳಗೆ ಎಳೆದು, ತಗಡನ್ನು ಮಗುಚಿ ಹಿಡಿದು ಕೆಳಗಿನಿಂದ ಮೇಣದ ಬತ್ತಿಗಳ ಹೊಗೆ ಕೊಟ್ಟೆ. ಹೊಗೆಯ ಮಸಿ ಮೇಣದೊಳಗೆ ಸೇರಿಕೊಂಡು ತಗಡು ಕನ್ನಡಿಯ ಹಾಗೆ ಕಪ್ಪಾಗಿ ಹೊಳೆಯುತ್ತದೆ. ಬತ್ತಿಯನ್ನು ಒಂದೇ ಕಡೆ ನಿಲ್ಲಿಸಿದರೆ ಮೇಣ ಸುಟ್ಟುಹೋಗುತ್ತದೆ. ಆರತಿ ಎತ್ತಿದ ಹಾಗೆ ಕೈ ಸುತ್ತುತ್ತಲೇ ಇರಬೇಕು.

ಗೀಚಲು ಸೂಜಿಗಳು ಎರಡು ಥರ. ಸಣ್ಣ ಗೆರೆಗೆ ಸಾಮಾನ್ಯ ಸೂಜಿ. ಉಬ್ಬಿ ಇಳಿಯುವ ಗೆರೆಗೆ ಏಷಾಪ್ ಅನ್ನುವ, ಮೊನೆಯನ್ನು ಓರೆಯಾಗಿ ಕತ್ತರಿಸಿದ ಸೂಜಿ. ಬಾಸ್, ಅವರಿಗಿಂತ ಮೊದಲು ಜಾಕ್ ಕಾಲ್ಲೊ ಇದನ್ನೇ ಬಳಸಿದರು. ನಾನು ಗೋಣಿ ಹೊಲಿಯುವ ದಬ್ಬಳವನ್ನು ಸಾಣೆಕಲ್ಲಿನ ಮೇಲೆ ಓರೆಯಾಗಿ ಮಸೆದುಕೊಂಡೆ. ಬೆರಳ ನಡುವೆ ತಿರುಗಿಸಿದರೆ ಗೆರೆ ದಪ್ಪ ಆಗುತ್ತದೆ, ಮತ್ತೆ ತಿರುಗಿಸಿದರೆ ಸಣ್ಣ. ಒಂದು 'ಸಿ' ಸುರುಳಿಯಲ್ಲಿ ಹೊಟ್ಟೆಯ ಹತ್ತಿರ ದಪ್ಪ, ಎರಡೂ ತುದಿಯಲ್ಲಿ ಕೂದಲಷ್ಟು ಸಣ್ಣ. ಈ ಒಂದು ಚಲನೆ ಕೈಗೆ ಹತ್ತಲು ನನಗೆ ಮೂರು ಸಂಜೆ ಬೇಕಾಯಿತು. ಅಭ್ಯಾಸಕ್ಕೆ ತಗಡಿನ ಚೂರುಗಳನ್ನು ಬಳಸಿಕೊಳ್ಳಿ, ನೇರವಾಗಿ ದೊಡ್ಡ ತಗಡಿಗೆ ಕೈ ಹಾಕಬೇಡಿ.

ತಗಡಿನಲ್ಲಿ ಬರೆದದ್ದು ಕಾಗದದಲ್ಲಿ ತಿರುವುಮುರುವಾಗಿ ಬರುತ್ತದೆ. ಇಲ್ಲಿ ಅಕ್ಷರ ಮಾತ್ರ ಅಲ್ಲ, ಕಂಬ ಕೂಡ ಮುಖ್ಯ. 'ಜೆ' ಯಾವ ಕಡೆ, 'ಬಿ' ಯಾವ ಕಡೆ ಅನ್ನುವುದು ಆ ಸಂಘಗಳಲ್ಲಿ ಸಣ್ಣ ವಿಷಯ ಅಲ್ಲ. ಅದಕ್ಕೇ ಟ್ರೇಸಿಂಗ್ ಹಾಳೆಯನ್ನು ಮಗುಚಿ ಇಟ್ಟು ಇಡೀ ಚಿತ್ರ ಇಳಿಸಿದೆ. ತಲೆಬರಹ ಒಂದನ್ನು ಮಾತ್ರ ಆಮೇಲೆ ಉಳಿಯಿಂದ ಕೆತ್ತಿದೆ. 'ವಿಶ್ವದ ಮಹಾಶಿಲ್ಪಿಯ ಮಹಿಮೆಗೆ' ಅಂತ ಫ್ರೆಂಚಿನಲ್ಲಿ. ಆ ಕಾಲದಲ್ಲಿ ಅಕ್ಷರ ಕೆತ್ತಲು ಬೇರೆಯೇ ಕೆಲಸಗಾರರು ಇರುತ್ತಿದ್ದರು. ಯಾಕೆ ಅಂತ ಒಂದು ಸಾಲು ಕೆತ್ತಿದ ಮೇಲೆ ಚೆನ್ನಾಗಿ ಅರ್ಥ ಆಯಿತು. ಕೆಳಗೆ ಇಸವಿಗೆ '575' ಕೆತ್ತಿ ಕೊನೇ ಅಂಕಿಗೆ ಜಾಗ ಬಿಟ್ಟೆ. ಅವರು ನಮ್ಮ ಇಸವಿಗೆ 4000 ಕೂಡಿಸಿ ಬರೆಯುತ್ತಿದ್ದರು. 1750 ಅಂದರೆ ಅವರಿಗೆ 5750.

ಆಸಿಡ್

ಬಾಸ್ ಬರೆದ ದ್ರಾವಣದಲ್ಲಿ ಇದ್ದದ್ದು ವಿನೆಗರ್, ಉಪ್ಪು, ನವಸಾಗರ ಮತ್ತು ತಾಮ್ರದ ಕಿಲುಬು. ಓದಿದಾಗ ಖುಷಿ ಆಯಿತು. ಚಿಕ್ಕವನಿದ್ದಾಗ ಬೀದಿಗೆ ಬರುತ್ತಿದ್ದ ಕಲಾಯಿಯವರು ಬಿಸಿ ಪಾತ್ರೆಗೆ ನವಸಾಗರ ಎರಚಿದಾಗ ಬರುತ್ತಿದ್ದ ಬಿಳೀ ಹೊಗೆ ನೆನಪಾಯಿತು. ಅದೇ ಪುಡಿ ಪ್ಯಾರಿಸ್‌ನಲ್ಲಿ ಗೆರೆ ಕೊರೆಯುತ್ತಿತ್ತು. ತಗಡನ್ನು ಓರೆ ಹಲಗೆಗೆ ಒರಗಿಸಿ, ಮೇಲಿನಿಂದ ದ್ರಾವಣವನ್ನು ಮತ್ತೆ ಮತ್ತೆ ಸುರಿಯುತ್ತಿದ್ದರಂತೆ.

ನಾನು ಬಳಸಿದ್ದು ಫೆರಿಕ್ ಕ್ಲೋರೈಡ್. ಸರ್ಕ್ಯೂಟ್ ಬೋರ್ಡ್ ಮಾಡುವವರಿಗೆ ಅಂತ ಎಸ್.ಪಿ. ರೋಡಿನಲ್ಲಿ ಮಾರುತ್ತಾರೆ. ವಿಷದ ಹೊಗೆ ಏಳುವುದಿಲ್ಲ. ಆದರೆ ಕೊರೆದ ಗೆರೆಯೊಳಗೆ ಗಸಿ ಕೂರುತ್ತದೆ, ಹಾಗಾಗಿ ನಾಲ್ಕು ಮೂಲೆಗೆ ಕಾಲಿನ ಹಾಗೆ ಸಣ್ಣ ಆಸರೆ ಕೊಟ್ಟು ತಗಡನ್ನು ಬೋರಲು ಹಾಕಬೇಕು. ಕೈಗವಸು ಹಾಕಿಕೊಳ್ಳಿ. ಬಳಸಿ ಮುಗಿದದ್ದನ್ನು ಮೋರಿಗೆ ಚೆಲ್ಲಬೇಡಿ. ವಾಷಿಂಗ್ ಸೋಡಾ ಹಾಕಿ, ಕೆಳಗೆ ಕೂತ ಗಸಿಯನ್ನು ಬೇರೆ ಮಾಡಿ, ರಾಸಾಯನಿಕ ಕಸ ತೆಗೆದುಕೊಳ್ಳುವವರಿಗೆ ಕೊಡಬೇಕು.

ಮೂರು ಸಲ ಕಚ್ಚಿಸಿದೆ, ಅಂದರೆ ದ್ರಾವಣದಲ್ಲಿಟ್ಟು ಗೆರೆ ಕೊರೆಸಿದೆ. 8 ನಿಮಿಷ ಆದ ಮೇಲೆ ತೊಳೆದು ಒಣಗಿಸಿ, ಕಂಬಗಳ ಸಣ್ಣ ನೆರಳುಗೆರೆ, ಚಂದ್ರ, ಮೋಡ ಇವು ಇನ್ನೂ ಆಳ ಆಗದಿರಲಿ ಅಂತ ಬಡಗಿಗಳ ಫ್ರೆಂಚ್ ಪಾಲಿಶ್‌ನಿಂದ ಮುಚ್ಚಿದೆ. ಮತ್ತೆ 20 ನಿಮಿಷ. ಆಮೇಲೆ ಚಿಪ್ಪಿನ ಅಂಚು, ಹೊರಗಿನ ದೊಡ್ಡ ಸುರುಳಿಗಳನ್ನು ಮಾತ್ರ ತೆರೆದಿಟ್ಟು ಮತ್ತೆ 40 ನಿಮಿಷ.

ಮೊದಲ ಪ್ರೂಫ್

ಪ್ರೂಫ್ ಅಂದರೆ ಪರೀಕ್ಷೆಗೆ ತೆಗೆಯುವ ಅಚ್ಚು. ಬಸವನಗುಡಿಯಲ್ಲಿ ಗೆಳೆಯರೊಬ್ಬರ ಸ್ಟುಡಿಯೋದಲ್ಲಿ ಪ್ರೆಸ್ ಇದೆ. ತಗಡು ಬೆಚ್ಚಗೆ ಮಾಡಿ ಮಸಿ ತುಂಬಿ, ಗಂಜಿ ಹಾಕಿದ ತೆಳು ಬಟ್ಟೆಯಿಂದ ಒರೆಸಿ, ಕೊನೆಗೆ ಅಂಗೈಯಿಂದ ಒರೆಸಿ, ನೆನೆಸಿದ ಕಾಗದ ಇಟ್ಟು ಚಕ್ರ ತಿರುಗಿಸಿದೆವು. ಕಾಗದ ಎತ್ತಿದಾಗ ಚೌಕಟ್ಟು ಎದ್ದು ನಿಂತಿತ್ತು. ಏಷಾಪ್ ಗೆರೆಗಳಂತೂ ಬೆರಳಿಗೆ ಸಿಗುವಷ್ಟು ಉಬ್ಬಿದ್ದವು. ಐದು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಗೆಳೆಯ ಕೇಳಿದ. "ಬೆಳಕು ಯಾವ ಕಡೆಯಿಂದ ಬರ್ತಿದೆ ಮಾರಾಯ?"

ಚೌಕಟ್ಟಿಗೆ ಎಡಗಡೆಯಿಂದ ಬೆಳಕು. ಎರಡು ಕಂಬಗಳಿಗೆ ಮಾತ್ರ ಬಲಗಡೆಯಿಂದ. ಚೌಕಟ್ಟಿನ ನೆರಳನ್ನು ಟ್ರೇಸಿಂಗ್‌ನಿಂದಲೇ ಇಳಿಸಿದ್ದೆ, ಅದು ತಾನಾಗೇ ತಿರುಗಿತ್ತು. ಕಂಬಗಳ ನೆರಳನ್ನು ತಗಡಿನ ಮೇಲೆ ನೇರವಾಗಿ ಹಾಕಿದ್ದೆ. ಕೈ ತನ್ನ ಅಭ್ಯಾಸದಂತೆ ಬಲಕ್ಕೆ ಹಾಕಿತ್ತು, ಅಚ್ಚಿನಲ್ಲಿ ಅದು ಎಡಕ್ಕೆ ಬಂದಿತ್ತು. ಅಕ್ಷರ ತಿರುಗಿಸಲು ನೆನಪಿಟ್ಟವನು ಬೆಳಕು ತಿರುಗಿಸಲು ಮರೆತಿದ್ದೆ.

ರಿಪೇರಿಗೆ ಎರಡು ವಾರ ಹಿಡಿಯಿತು. ಕಂಬದ ಗೆರೆಗಳು 8 ನಿಮಿಷದವು, ಆಳ ಕಡಿಮೆ. ಹೆಚ್ಚಿನವು ಮೂರು ಅಲಗಿನ ಸ್ಕ್ರೇಪರ್‌ನಿಂದ ಕೆರೆದು, ಎಣ್ಣೆ ಹಚ್ಚಿ ಬರ್ನಿಷರ್ ಅನ್ನುವ ನಯವಾದ ಉಕ್ಕಿನ ಸಾಧನದಿಂದ ತೀಡಿದಾಗ ಹೋದವು. ಕಂಬದ ಬುಡದಲ್ಲಿ ಮಾತ್ರ ಆಳ ಜಾಸ್ತಿ ಇತ್ತು. ಅಲ್ಲಿ ಕೆರೆದಷ್ಟೂ ಗುಂಡಿ ಬೀಳುತ್ತದೆ, ಆ ಗುಂಡಿಯಲ್ಲಿ ಮಸಿ ನಿಂತು ಕಲೆಯಾಗುತ್ತದೆ. ಅದಕ್ಕೆ ಹಳೇ ಉಪಾಯವೇ ಸರಿ. ಕ್ಯಾಲಿಪರ್‌ನ ಒಂದು ಕಾಲನ್ನು ಗುಂಡಿಯ ಮೇಲಿಟ್ಟು, ಇನ್ನೊಂದರಿಂದ ತಗಡಿನ ಹಿಂದೆ ಅದೇ ಜಾಗಕ್ಕೆ ಗುರುತು ಮಾಡಬೇಕು. ತಗಡನ್ನು ನಯವಾದ ಉಕ್ಕಿನ ಮೇಲೆ ಬೋರಲು ಹಾಕಿ, ಗುರುತಿನ ಮೇಲೆ ಗುಂಡನೆ ಮೂತಿಯ ಪಂಚ್ ಇಟ್ಟು ಮೆಲ್ಲಗೆ ತಟ್ಟಬೇಕು. ಗುಂಡಿ ಮೇಲೆದ್ದು ಮಟ್ಟಕ್ಕೆ ಬರುತ್ತದೆ. ಒಂದೇ ಜೋರು ಏಟಿಗಿಂತ ನಲವತ್ತು ಸಣ್ಣ ಏಟು ಒಳ್ಳೆಯದು. ಮತ್ತೆ ಗ್ರೌಂಡ್ ಹಾಕಿ, ಈ ಸಲ ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು, ನೆರಳನ್ನು ಇನ್ನೊಂದು ಬದಿಗೆ ಗೀಚಿ 8 ನಿಮಿಷ ಕಚ್ಚಿಸಿದೆ. ಈಗ ಬೆಳಕು ಒಂದೇ ಕಡೆಯಿಂದ ಬರುತ್ತಿದೆ. ಬಲಗಂಬದ ಬುಡದಲ್ಲಿ ಹುಡುಕಿದರೆ ಹಳೇ ಗೆರೆಯ ಒಂದು ನೆರಳು ಕಾಣುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ.

ಖಾಲಿ ಜಾಗ

ಹನ್ನೆರಡು ಒಳ್ಳೆಯ ಪ್ರತಿ ಬಂದವು. ಎರಡು ವಾರ ಒಣಗಲು ಬಿಟ್ಟೆ. ಆಮೇಲೆ ಹಳೇ ಪ್ರೂಫ್ ಒಂದನ್ನು ತೆಗೆದುಕೊಂಡು, ನಡುವಿನ ಖಾಲಿ ಜಾಗದಲ್ಲಿ ನಿಬ್ ಪೆನ್ನಿನಿಂದ ಹೆಸರು ಬರೆದು ನೋಡಿದೆ. ಮೊದಲ ಅಕ್ಷರದ ಕೊಂಬು ಎಳೆದೆನೋ ಇಲ್ಲವೋ, ಇಂಕು ನಾಲ್ಕೂ ಕಡೆ ಬೇರು ಬಿಟ್ಟ ಹಾಗೆ ಹರಡಿಕೊಂಡಿತು. ಹಿಂದಿನ ಬದಿಗೂ ಇಳಿಯಿತು. ಹೆಸರು ಓದಲಾಗಲಿಲ್ಲ.

ತಪ್ಪು ಕಾಗದದ್ದಲ್ಲ. ಎಚ್ಚಿಂಗಿಗೆ ಅಂತಲೇ ಮಾಡುವ ಮೆತ್ತನೆ ಹತ್ತಿ ಕಾಗದ ಅದು. ಗೆರೆಯೊಳಗಿನ ಮಸಿಯನ್ನು ಎಳೆದುಕೊಳ್ಳಲಿ ಅಂತ ಅದರಲ್ಲಿ ಅಂಟು ತುಂಬಾ ಕಡಿಮೆ ಇಟ್ಟಿರುತ್ತಾರೆ. 18ನೇ ಶತಮಾನದ ಕಾಗದವನ್ನು ಗಿರಣಿಯಲ್ಲೇ ಜೆಲಟಿನ್ ಅಂಟಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಅದೇ ಹಾಳೆಯನ್ನು ನೆನೆಸಿ ಅಚ್ಚು ಹಾಕಬಹುದಿತ್ತು, ಅದರ ಮೇಲೇ ಪೆನ್ನಿನಿಂದ ಬರೆಯಬಹುದಿತ್ತು. ಕೆಲವು ಲಾಡ್ಜ್‌ಗಳು ಕಾಗದ ಬಿಟ್ಟು ಚರ್ಮಪತ್ರವನ್ನೇ ಬಳಸುತ್ತಿದ್ದವು. ಅವರು ಮೊದಲು ಹೆಸರಿನ ಬಗ್ಗೆ ಯೋಚಿಸಿ ಆಮೇಲೆ ಹಾಳೆ ಆರಿಸುತ್ತಿದ್ದರು. ನಾನು ಸುರುಳಿಗಳ ಬಗ್ಗೆ ಯೋಚಿಸಿ ಹಾಳೆ ಆರಿಸಿದ್ದೆ. ಆ ಖಾಲಿ ಜಾಗವನ್ನು ಅಷ್ಟು ದಿನ ನೋಡಿದರೂ, ಅದರ ಮೇಲೆ ಯಾರೋ ಬರೆಯಬೇಕು ಅಂತ ಕೈಗೆ ಹೊಳೆದಿರಲಿಲ್ಲ. ಇದು ನನಗೆ ಬೆಳಕಿನ ತಪ್ಪಿಗಿಂತ ಜಾಸ್ತಿ ನೋವು ಕೊಟ್ಟಿತು.

ಬೇಕರಿ ಸಾಮಾನಿನ ಅಂಗಡಿಯಿಂದ ಜೆಲಟಿನ್ ತಂದೆ. ಒಂದು ಲೀಟರ್ ನೀರಿಗೆ 30 ಗ್ರಾಂ. ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಕೈ ತಡೆಯುವಷ್ಟು ಬಿಸಿ ಮಾಡಿ ಕರಗಿಸಿದೆ. ಕುದಿಸಬಾರದು, ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಕೊನೆಗೆ 3 ಗ್ರಾಂ ಪಟಿಕ, ಬೇರೆ ನೀರಿನಲ್ಲಿ ಕರಗಿಸಿ ಸೇರಿಸಿದ್ದು. ಮೊದಲು ಪ್ರೂಫ್ ಹಾಳೆಗಳ ಮೇಲೆ ಪರೀಕ್ಷೆ ಮಾಡಿದೆ. ಅಗಲ ಬ್ರಷ್ಷಿನಿಂದ ಹಿಂದೆ ಒಂದು ಸಲ, ಮುಂದೆ ಒಂದು ಸಲ, ಒಂದೇ ದಿಕ್ಕಿನಲ್ಲಿ ಹಚ್ಚುವುದು. ಮಸಿ ಪೂರ್ತಿ ಒಣಗಿದ್ದರಿಂದ ಗೆರೆಗಳು ಕದಲಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದೆ. ಸ್ವಲ್ಪ ಸೊಟ್ಟ ಆದವು. ಮಾರನೇ ದಿನ ಹಲಗೆಗಳ ನಡುವೆ ಒತ್ತಿಟ್ಟ ಮೇಲೆ ನೆಟ್ಟಗಾದವು. ಬೆರಳಿನಿಂದ ತಟ್ಟಿದರೆ ಈಗ ಹಾಳೆ ಟಪ್ ಅನ್ನುತ್ತದೆ. ಮೊದಲು ಸದ್ದೇ ಇರುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಅಂಟು ಹಚ್ಚಿದ ಪ್ರೂಫ್ ಮೇಜಿನ ಮೇಲಿಟ್ಟೆ. ಗೋಡೆಯ ಕೆಲಸದ ಬಾಕಿ ದುಡ್ಡಿಗೆ ಮೇಸ್ತ್ರಿ ಬಂದಿದ್ದರು. ಪೆನ್ನು ಅವರ ಕೈಗೆ ಕೊಟ್ಟೆ.

"ನಿಮ್ಮ ಹೆಸರು ಬರೀರಿ ಮೇಸ್ತ್ರಿ. ಇಲ್ಲಿ, ನಡುವೆ."

"ನಾನಾ? ಗಲೀಜಾಗತ್ತೆ ಸಾರ್."

"ಆಗಲ್ಲ. ಬರೀರಿ."

ಅವರು ಕೈ ಪಂಚೆಗೆ ಒರೆಸಿಕೊಂಡು, ಹಾಳೆಯನ್ನು ಸ್ವಲ್ಪ ಓರೆ ಮಾಡಿಕೊಂಡು, ನಿಧಾನವಾಗಿ ಕನ್ನಡದಲ್ಲಿ ಬರೆದರು. ಅಕ್ಷರದ ಅಂಚು ಒಂದು ಕೂದಲೂ ಹರಡಲಿಲ್ಲ. ಮೇಲೆ ತೂಗುಗುಂಡಿನ ದಾರ ನೆಟ್ಟಗಿತ್ತು. ಅವರು ಅದನ್ನೂ ಒಮ್ಮೆ ನೋಡಿದರು. ಆಮೇಲೆ ಹೆಸರಿನ ಮೇಲೆ ಮೆಲ್ಲಗೆ ಊದಿ ಒಣಗಿಸಿದರು.

ಆ ಪ್ರೂಫ್ ಅವರ ಮನೆಗೇ ಹೋಯಿತು. ಉಳಿದ ಹನ್ನೆರಡು ಪ್ರತಿಗಳಿಗೆ ಈ ವಾರ ಅಂಟು ಹಚ್ಚಬೇಕು.